ಗಾಳಿಗುಡ್ಡದ ಬೀದಿಯ ಎಂಟು ಮನೆಗಳು

ಚಿತ್ರದುರ್ಗ
2147ನೆಯ ಇಸವಿ, ಗಾಳಿಮಾಸದ ನಲವತ್ತೆರಡನೆಯ ದಿನ

ಮುತ್ತಜ್ಜಿ ಶಿವಗಂಗಾ ಅವರಿಗೆ, ನಿಮ್ಮ ಮರಿಮಗಳು ನೀಲಾಂಬಿಕೆ ಮಾಡುವ ನಮಸ್ಕಾರಗಳು.

ತಿಂಗಳಲ್ಲಿ ನಲವತ್ತೆರಡನೆಯ ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಿಮ್ಮ ಜೂನ್, ಜುಲೈಗಳನ್ನು ನಾವು ಸೇರಿಸಿ ಒಂದೇ ತಿಂಗಳೆಂದು ಎಣಿಸುತ್ತೇವೆ. ಗುಡ್ಡದ ಮೇಲೆ ವಿದ್ಯುತ್ ತೆಗೆಯುವ ಗಾಳಿಗಂಬಗಳು ಬಿಡುವಿಲ್ಲದೆ ತಿರುಗುವ ಕಾಲವದು. ನಿಮ್ಮ ಕಾಲದ ಕನ್ನಡದಲ್ಲೇ ಬರೆಯಬೇಕೆಂದು ಪ್ರಯತ್ನಪಟ್ಟಿದ್ದೇನೆ. ಆದರೂ ಅಲ್ಲಲ್ಲಿ ನಿಮಗೆ ಗೊತ್ತಿಲ್ಲದ ಮಾತು ನುಸುಳಿದರೆ ಮನ್ನಿಸಬೇಕು. ಇನ್ನೊಂದು ಮುಜುಗರವೂ ಇದೆ. ಈ ಪತ್ರ ತಲುಪುವ ಹೊತ್ತಿಗೆ ನಿಮಗೆ ಇಪ್ಪತ್ತೆಂಟು ವರ್ಷ, ನನಗೆ ಅರವತ್ತಮೂರು. ಮದುವೆಯೂ ಆಗಿರದ ಹುಡುಗಿಯನ್ನು ಮುತ್ತಜ್ಜಿ ಎಂದು ಕರೆಯುವುದು ನನಗೂ ವಿಚಿತ್ರವಾಗಿಯೇ ಇದೆ.

ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲದಲ್ಲಿದ್ದವರಿಗೆ ಬರೆದು, ಊರಿನ ಅಂಚೆಮನೆಯಲ್ಲಿ ಕೊಟ್ಟು ಬರುವುದು. ತಲುಪಿತೋ ಇಲ್ಲವೋ ತಿಳಿಯುವುದಿಲ್ಲ, ಉತ್ತರವಂತೂ ಬರುವುದಿಲ್ಲ. ಮಕ್ಕಳಿರುವವರು ಇದರ ಗೋಜಿಗೆ ಹೋಗುವುದು ಕಡಿಮೆ. ನನ್ನಂಥ ಒಂಟಿ ಜನರೇ ಹೆಚ್ಚಾಗಿ ಬರೆಯುತ್ತಾರೆ ಎಂದು ಅಂಚೆಮನೆಯವರು ಹೇಳಿದರು.

ನೀವು ಈಗ ಕೋಟೆಯ ಹತ್ತಿರ ಎರಡಂತಸ್ತಿನ ಒಂದು ಮನೆಯನ್ನು ಕೊಳ್ಳುವ ಯೋಚನೆಯಲ್ಲಿದ್ದೀರಿ ಎಂದು ನಮ್ಮ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಮೇಲಂತಸ್ತನ್ನು ಕೋಟೆ ನೋಡಲು ಬರುವವರಿಗೆ ದಿನದ ಬಾಡಿಗೆಗೆ ಬಿಡುವುದು ನಿಮ್ಮ ಲೆಕ್ಕಾಚಾರ. ನಮ್ಮ ಮನೆಯಲ್ಲಿ ಈ ಕಸುಬು ಶುರುವಾದದ್ದು ನಿಮ್ಮಿಂದಲೇ. ಬೇಡ ಎನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಇದು ಒಳ್ಳೆಯ ಕಸುಬು. ನನಗೆ ಅನ್ನ ಕೊಟ್ಟಿದೆ. ನನಗೆ ಆದದ್ದನ್ನು ಹೇಳಿ, ಕೊನೆಯಲ್ಲಿ ಒಂದು ಕೋರಿಕೆ ಮಾಡಿಕೊಳ್ಳುತ್ತೇನೆ, ಅಷ್ಟೆ.

ನಾನಿರುವುದು ಜೋಗಿಮಟ್ಟಿಯ ಕಡೆಗೆ ಏರುವ ಗಾಳಿಗುಡ್ಡದ ಬೀದಿಯಲ್ಲಿ. ಎದುರುಬದುರಾಗಿ ಎಂಟು ಮನೆಗಳು, ಕೊನೆಯಲ್ಲಿ ಬಂಡೆ. ಐದನೆಯದು ಅಮ್ಮನಿಂದ ನನಗೆ ಬಂದದ್ದು. ಹುಬ್ಬಳ್ಳಿ ಕಡೆಯ ವೇಗದ ರೈಲು ಇಲ್ಲಿ ನಿಲ್ಲಲು ಶುರುವಾದ ಮೇಲೆ ಗಾಳಿಗಂಬ ದುರಸ್ತಿ ಮಾಡುವವರು, ಬಂಡೆ ಹತ್ತುವವರು, ಸುಮ್ಮನೆ ಗಾಳಿ ಕುಡಿಯಲು ಬರುವವರು ಎಲ್ಲರೂ ಒಂದೆರಡು ರಾತ್ರಿ ಉಳಿಯಲು ಜಾಗ ಹುಡುಕತೊಡಗಿದರು. ನಾನು ಎದುರಿನ ಮೂರನೆಯ ಮನೆಯನ್ನು ಕೊಂಡೆ. ಬ್ಯಾಂಕಿನವರು ಮುಕ್ಕಾಲು ಭಾಗ ಸಾಲ ಕೊಟ್ಟರು. ಉಳಿದದ್ದಕ್ಕೆ ಅಮ್ಮನ ಮನೆಯನ್ನೇ ಅಡವಿಟ್ಟೆ.

ತಂಗುಮನೆ ನಡೆಸುವ ಹದ ನನಗೆ ಬೇಗ ಸಿಕ್ಕಿತು. ತಂಗುಮನೆ ಎಂದರೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ. ಬಂದವರು ಮೊದಲು ನೋಡುವುದು ಬಚ್ಚಲನ್ನು, ಆಮೇಲೆ ಹಾಸಿಗೆಯನ್ನು. ಗೋಡೆಯ ಮೇಲಿನ ಚಿತ್ರವನ್ನು ಯಾರೂ ನೋಡುವುದಿಲ್ಲ. ಬೇಸಿಗೆಯಲ್ಲಿ ಬಂಡೆ ಕಾದು ಹಿಂಬದಿಯ ಕೋಣೆಗಳು ಒಲೆಯಂತಾಗುತ್ತವೆ, ಆಗ ಬಾಡಿಗೆ ಇಳಿಸಲೇಬೇಕು. ರಜೆಯ ದಿನಗಳ ಗಳಿಕೆಯನ್ನು ವರ್ಷವಿಡೀ ಬರುವ ಗಳಿಕೆ ಎಂದುಕೊಂಡು ಸಾಲ ತೆಗೆದವರು ಮುಳುಗಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಮನೆಗಳು ಖಾಲಿ ಬಿದ್ದ ಕಾಲಕ್ಕೆಂದು ಕಂತಿನ ಹಣವನ್ನು ಮೊದಲೇ ಎತ್ತಿಡುತ್ತಿದ್ದೆ. ಎರಡು ವರ್ಷಕ್ಕೊಂದು, ಮೂರು ವರ್ಷಕ್ಕೊಂದು ಮನೆ ಬೀದಿಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಯಾರನ್ನೂ ನಾನು ಒತ್ತಾಯಿಸಲಿಲ್ಲ. ಒಳ್ಳೆಯ ಬೆಲೆಯನ್ನೇ ಕೊಟ್ಟೆ. ಒಬ್ಬರು ಮಗಳಿರುವ ಊರಿಗೆ ಹೊರಟರು, ಒಬ್ಬರು ದೊಡ್ಡ ಮನೆ ಕಟ್ಟಿಕೊಂಡರು, ಒಬ್ಬರಿಗೆ ಗಾಳಿಯ ಸದ್ದು ಸಾಕಾಗಿತ್ತು. ಸಾಮಾನು ಸಾಗಿಸುವ ಗಾಡಿ ಬಂದಾಗ ನಾನೇ ನಿಂತು ಪಾತ್ರೆಗಳನ್ನು ಎತ್ತಿಕೊಟ್ಟಿದ್ದೇನೆ. ಹೊರಟವರು ಕೈ ಹಿಡಿದುಕೊಂಡು, "ನಿನ್ನ ಕೈಲಿದ್ರೆ ಮನೆ ಚೆನ್ನಾಗಿರುತ್ತೆ" ಎನ್ನುತ್ತಿದ್ದರು. ಹಾಗೆಯೇ ಇಟ್ಟುಕೊಂಡೆ.

ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಬಾಗಿಲುಗಣ್ಣು ಎಂಬ ಸಾಧನ ಬುಕ್ ಮಾಡಿದವರ ಮುಖ ನೋಡಿ ತಾನೇ ಬೀಗ ತೆಗೆಯುತ್ತಿತ್ತು. ಅವರು ಹೊರಟ ಮೇಲೆ ಒಗೆಯುವವರ ಬಂಡಿ ಬಂದು ಹಾಸಿಗೆಬಟ್ಟೆ ಬದಲಿಸಿಕೊಂಡು ಹೋಗುತ್ತಿತ್ತು. ಬಂದವರ ಮುಖ ನನಗೆ ತಿಳಿಯುತ್ತಿರಲಿಲ್ಲ, ನನ್ನ ಮುಖ ಅವರಿಗೆ ಬೇಕಾಗಿರಲಿಲ್ಲ. ಹೊರಡುವಾಗ ಎರಡು ಸಾಲು ಬರೆದು ಹೋಗುತ್ತಿದ್ದರು. ಹೆಚ್ಚಿನವರು ಬರೆಯುತ್ತಿದ್ದದ್ದು ಒಂದೇ ಮಾತು: "ಬೀದಿ ತುಂಬಾ ಶಾಂತವಾಗಿದೆ." ಅದನ್ನು ಓದಿ ಹಿಗ್ಗುತ್ತಿದ್ದೆ.

ಕೊನೆಗೆ ಉಳಿದದ್ದು ಪಕ್ಕದ ಆರನೆಯ ಮನೆ, ಹೊನ್ನೂರಕ್ಕನದು. ಗಾಳಿಗಂಬ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ಹೊಲಿಯುವುದು ಅವಳ ಕಸುಬು. ನನಗಿಂತ ಏಳು ವರ್ಷ ದೊಡ್ಡವಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾನು ಮದುವೆಯಾದವಳಲ್ಲ. ಎರಡು ಮನೆಗಳ ನಡುವೆ ಎದೆಯೆತ್ತರದ ಕಾಂಪೌಂಡ್ ಗೋಡೆಯಿತ್ತು. ಬೆಳಿಗ್ಗೆ ಅವಳು ಆ ಕಡೆ, ನಾನು ಈ ಕಡೆ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದೆವು. ಏನು ಮಾತಾಡಿದೆವು ಎಂದು ಕೇಳಿದರೆ ಹೇಳಲಾರೆ. ನೀರು ಬಂತಾ, ಸೊಪ್ಪು ತಗೊಂಡ್ಯಾ, ಇಷ್ಟೇ.

ಅವಳ ಕಣ್ಣು ಮಂಜಾಗತೊಡಗಿತು. ಪಟ್ಟಿಯ ಹೊಲಿಗೆ ತಪ್ಪಿದರೆ ಮೇಲಿಂದ ಮನುಷ್ಯ ಬೀಳುತ್ತಾನೆ, ಆದ್ದರಿಂದ ಒಂದು ದಿನ ತಾನೇ ಕೆಲಸ ನಿಲ್ಲಿಸಿಬಿಟ್ಟಳು. ಹೊಸದುರ್ಗದಲ್ಲಿದ್ದ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನಿಸಿ, ಗೋಡೆಯ ಹತ್ತಿರ ಬಂದಳು.

"ನೀಲಾ, ಮನೆ ಕೊಡ್ತಿದೀನಿ ಕಣೆ. ನೀನೇ ತಗೊಂಬಿಡು. ಬೇರೆಯೋರು ತಗೊಂಡ್ರೆ ಈ ಗೋಡೆ ಎತ್ತರ ಮಾಡಿಬಿಡ್ತಾರೆ."

"ನೀನು ಹೋದ ಮೇಲೆ ಗೋಡೆ ಎಷ್ಟೆತ್ತರ ಇದ್ರೇನಕ್ಕ" ಎಂದೆ. ನಕ್ಕಳು. ನಾನು ಕೊಂಡೆ.

ಎಂಟೂ ಮನೆಗಳು ನನ್ನವಾದವು. ಆ ವರ್ಷದ ಊರಿನ ಗಣತಿಯಲ್ಲಿ ನಮ್ಮ ಬೀದಿಗೆ ಒಬ್ಬಳೇ ನೆಲೆವಾಸಿ ಎಂದು ಬರೆದುಕೊಂಡು ಹೋದರು. ಒಂದೇ ಜಾಗದಲ್ಲಿ ಖಾಯಮ್ಮಾಗಿ ಬದುಕುವವರನ್ನು ಈಗ ನೆಲೆವಾಸಿ ಎನ್ನುತ್ತಾರೆ. ಉಳಿದವರೆಲ್ಲ ವಾರಕ್ಕೊಂದು ಊರು, ವಾರಕ್ಕೊಂದು ಹಾಸಿಗೆ. ಇಬ್ಬರು ನೆಲೆವಾಸಿಗಳಿಲ್ಲದ ಬೀದಿಗೆ ಯಾವ ಬೀದಿಗೆ ಎಷ್ಟು ನೀರೆಂದು ತೀರ್ಮಾನಿಸುವ ನೀರಿನ ಸಭೆಯಲ್ಲಿ ಜಾಗವಿಲ್ಲ. ಅದು ಕಾನೂನು. ಸಭೆಗೆ ಹೋಗುವ ಕಾಟ ತಪ್ಪಿತೆಂದು ಮೊದಲು ಖುಷಿಯೇ ಆಯಿತು.

ಆ ಚಳಿಗಾಲ ನನಗೆ ಜ್ವರ ಬಂತು. ಮಧ್ಯಾಹ್ನ ಹೊದ್ದು ಮಲಗಿದ್ದೆ. ಆರನೆಯ ಮನೆಯಲ್ಲಿ ಯಾರೋ ಗುಂಪಾಗಿ ಬಂದಿದ್ದರು, ಜೋರಾಗಿ ನಗುತ್ತಿದ್ದರು. ಎದ್ದು ಹೋಗಿ ಬಾಗಿಲು ತಟ್ಟಿ, ಒಂದು ಲೋಟ ಗಂಜಿ ಕಾಯಿಸಿಕೊಡಿ ಎಂದು ಕೇಳಬೇಕೆನಿಸಿತು. ಆದರೆ ಅವರು ನನಗೆ ಯಾರು? ದುಡ್ಡು ಕೊಟ್ಟು ಬಂದವರು. ಅಷ್ಟರಲ್ಲಿ ಅವರಿಂದಲೇ ಸಂದೇಶ ಬಂತು: ಬಿಸಿನೀರು ಸಣ್ಣಗೆ ಬರುತ್ತಿದೆ, ಕೂಡಲೇ ಸರಿಮಾಡಿಸಿ. ಶಾಲು ಸುತ್ತಿಕೊಂಡು ಹೋಗಿ, ಹಿತ್ತಿಲಿನ ಕೊಳಾಯಿಯ ಜಾಲರಿ ಬಿಚ್ಚಿ ತೊಳೆದು ಹಾಕಿದೆ. ಕಿಟಕಿಯಿಂದ ಒಬ್ಬಳು ಥ್ಯಾಂಕ್ಸ್ ಎಂದು ಕೂಗಿದಳು. ಉತ್ತರ ಕೊಡಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಜ್ವರದಿಂದ ಎಂದುಕೊಂಡೆ. ಮನೆಗೆ ಬಂದು ಯೋಚಿಸಿದಾಗ ತಿಳಿಯಿತು, ನಾನು ಯಾರೊಂದಿಗಾದರೂ ಬಾಯಿಬಿಟ್ಟು ಮಾತಾಡಿ ಎಷ್ಟು ದಿನವಾಗಿತ್ತೋ ನನಗೇ ನೆನಪಿರಲಿಲ್ಲ.

ಮುಂದಿನ ಗಾಳಿಮಾಸ ಶುರುವಾಗುವ ಮುಂಚೆ, ಕರಿಬಸಮ್ಮ ಎಂಬ ಹೆಸರಿನಲ್ಲಿ ಆರನೆಯ ಮನೆ ಒಂದು ರಾತ್ರಿಗೆ ಬುಕ್ ಆಯಿತು. ಒಬ್ಬರೇ. ಆ ಸಂಜೆ ಸಹಾಯದ ಗಂಟೆ ಮೊಳಗಿತು: ಬಾಗಿಲುಗಣ್ಣು ಮುಖ ಗುರುತಿಸುತ್ತಿಲ್ಲ. ಹೊರಗೆ ಬಂದು ನೋಡಿದರೆ, ಬಟ್ಟೆಯ ಚೀಲ ಹಿಡಿದು ಹೊನ್ನೂರಕ್ಕ ತನ್ನದೇ ಬಾಗಿಲ ಮುಂದೆ ನಿಂತಿದ್ದಾಳೆ. ತಂಗಿಯ ಹೆಸರಿನಲ್ಲಿ, ತಂಗಿಯ ಮುಖ ತೋರಿಸಿ ಬುಕ್ ಮಾಡಿಸಿ, ಬಾಡಿಗೆ ಗಾಡಿಯಲ್ಲಿ ಬಂದಿಳಿದಿದ್ದಳು.

"ಅಕ್ಕಾ!" ಎಂದೆ.

ಅವಳಿಗೆ ನಾಚಿಕೆಯಾಯಿತು. "ಥೂ, ನೀನು ಬರ್ತೀಯ ಅಂತ ಗೊತ್ತಿದ್ರೆ ಬರ್ತಾನೇ ಇರ್ಲಿಲ್ಲ. ಬಾಗಿಲು ತಾನೇ ತೆಗಿತೈತೆ, ಯಾರಿಗೂ ಗೊತ್ತಾಗಲ್ಲ ಅಂದ್ಳು ಕರಿಬಸಿ."

"ಒಂದು ಮಾತು ಹೇಳಿದ್ರೆ ನಾನೇ ಕರೆಸ್ತಿರ್ಲಿಲ್ವ? ಬುಕ್ ಮಾಡಿ ಬರ್ಬೇಕಾ ನೀನು?"

"ಮಾರಿದ ಮೇಲೆ ಮಾರ್ದಂಗೆ. ಒಂದು ರಾತ್ರಿ ಮಲಗಿ ಹೋಗ್ತೀನಿ, ಬಾಗಿಲು ತಗಿ."

ತೆಗೆದೆ. ಒಳಗೆ ಹೋದವಳು ಹಳೆಯ ರೂಢಿಯಂತೆ ದೀಪ ಹಾಕಲು ಗೋಡೆಗೆ ಕೈ ಚಾಚಿದಳು. ಸ್ವಿಚ್ಚು ಅಲ್ಲಿರಲಿಲ್ಲ, ಆಚೆ ಬದಿಗೆ ಹಾಕಿಸಿದ್ದೆ. ಅದನ್ನು ಬಿಟ್ಟು ಮುಂದೆ ಹೆಜ್ಜೆಯಿಟ್ಟಳು. ಅಡುಗೆಮನೆಗೂ ಅವಳ ಹೊಲಿಗೆಯ ಕೋಣೆಗೂ ನಡುವೆ ಗೋಡೆಯಿದ್ದ ಕಡೆ ಅಂಗೈ ಊರಲು ಹೋದಳು. ಗೋಡೆ ಇರಲಿಲ್ಲ. ಮುಗ್ಗರಿಸಿದಳು, ನಾನು ತೋಳು ಹಿಡಿದೆ. ಆಗ ಗೊತ್ತಾಯಿತು, ಅವಳ ಕಣ್ಣು ಪೂರಾ ಹೋಗಿತ್ತು.

"ಇಲ್ಲಿ ಗೋಡೆ ಇತ್ತಲ್ಲೇ."

"ತೆಗೆಸಿದೆ ಅಕ್ಕ. ಬಂದೋರಿಗೆ ಜಾಗ ದೊಡ್ಡದಾಗಿ ಕಾಣ್ಲಿ ಅಂತ."

"ಹೂಂ" ಎಂದಳು. ಗೋಡೆಯಿದ್ದ ಜಾಗದಲ್ಲಿ ಕೈಯಾಡಿಸಿ, "ಒಳ್ಳೆ ಗಾಳಿ ಆಡ್ತೈತೆ ಬಿಡು" ಎಂದಳು. ನನ್ನ ಮನಸ್ಸಿಗೆ ಬೇಸರವಾಗದಿರಲಿ ಎಂದು ಹೇಳಿದ ಮಾತದು.

ಕೂರಿಸಿ ಕಾಫಿ ಮಾಡಿಕೊಟ್ಟೆ. ತಂಗಿಯ ಮನೆಯಲ್ಲಿ ಕಷ್ಟವೇನೂ ಇಲ್ಲವೆಂದಳು. ಎಲ್ಲರೂ ಒಳ್ಳೆಯವರೇ. "ಆದ್ರೆ ಅಲ್ಲಿ ಬಚ್ಚಲಿಗೆ ಹೋಗ್ಬೇಕಂದ್ರೂ ಯಾರನ್ನಾದ್ರೂ ಕೂಗ್ಬೇಕು ನೀಲಾ. ಇಲ್ಲಾದ್ರೆ ಕೈಗೇ ಎಲ್ಲಾ ಗೊತ್ತು. ಕಣ್ಣಿದ್ದಾಗ್ಲೇ ಇಲ್ಲಿ ಕತ್ತಲಲ್ಲಿ ಓಡಾಡ್ತಿದ್ದೋಳು. ಒಂದು ದಿನ ಯಾರ ಕೈನೂ ಹಿಡೀದೆ ಓಡಾಡ್ಬೇಕು ಅನ್ನಿಸ್ತು." ಲೋಟವನ್ನು ಕೆಳಗಿಡಲು ಜಾಗ ಹುಡುಕುತ್ತಾ, "ನನ್ನ ಕೈಗೂ ಈಗ ಗೊತ್ತಾಗ್ತಿಲ್ಲ ಬಿಡು" ಎಂದು ಸೇರಿಸಿದಳು.

ಆಗ ನನ್ನ ಬಾಯಿಂದ ಬಂದ ಮಾತಿಗೆ ನಾನು ಮೊದಲೇ ತಯಾರಾಗಿರಲಿಲ್ಲ. "ಇಲ್ಲೇ ಇದ್ದುಬಿಡು. ಗೋಡೆ ವಾಪಸ್ ಕಟ್ಟಿಸ್ತೀನಿ."

"ಹುಚ್ಚಾ ನಿನಗೆ? ಅಯ್ಯೋ ಪಾಪ ಅಂತ ಇಟ್ಕೋಬೇಡ ನನ್ನ."

"ಪಾಪ ಅಂತಲ್ಲಕ್ಕ. ಈ ಬೀದೀಲಿ ನನಗೆ ಮಾತಾಡೋಕೆ ಯಾರೂ ಇಲ್ಲ."

ಅವಳು ನನ್ನ ಕೈ ಎಲ್ಲಿದೆ ಎಂದು ತಡಕಿ ಹಿಡಿದುಕೊಂಡಳು.

ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ ಕೆಲಸ. ಎಂಟೂ ಮನೆಗಳ ಸಾಲವನ್ನು ಸೇರಿಸಿ ಕಡಿಮೆ ಬಡ್ಡಿಯ ಒಂದೇ ಸಾಲ ಮಾಡಿಸಲು ನಾನು ಆರನೆಯ ಮನೆ ಕೊಂಡಾಗಿನಿಂದ ಓಡಾಡುತ್ತಿದ್ದೆ. ಕೂಡುಸಾಲ ಎನ್ನುತ್ತಾರೆ ಅದಕ್ಕೆ. ಅದು ಸಿಕ್ಕಿದರೆ ರೈಲುನಿಲ್ದಾಣದ ಎದುರಿನ ದೊಡ್ಡ ಕಟ್ಟಡ ನನ್ನ ಕೈಗೆ ಬರುತ್ತಿತ್ತು, ನನ್ನ ಮುಪ್ಪಿನ ಚಿಂತೆ ತೀರುತ್ತಿತ್ತು. ಸಾಲ ಕೊಡುವ ಕಚೇರಿಯ ಇಂದುಧರ ಎಂಬ ಅಧಿಕಾರಿ ಮರ್ಯಾದಸ್ಥ ಮನುಷ್ಯ. ಹೊನ್ನೂರಕ್ಕನನ್ನು ಆರನೆಯ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂಬ ನನ್ನ ಮಾತು ಕೇಳಿ ತಲೆ ಮೇಲೆ ಕೈಹೊತ್ತರು.

"ಮೇಡಂ, ಯಾರನ್ನಾದರೂ ನೆಲೆವಾಸಿ ಅಂತ ಬರೆಸಿದರೆ ಅವರನ್ನು ಎಬ್ಬಿಸೋಕಾಗಲ್ಲ. ಆ ಒಂದು ಮನೆಯಿಂದ ಸಾಲದ ಲೆಕ್ಕದಲ್ಲಿ ಇಡೀ ಬೀದಿಯ ದರ್ಜೆ ಇಳಿಯುತ್ತೆ. ನಮ್ಮವರು ಸಾಲ ಕೊಡಲ್ಲ. ಅತಿಥಿ ಅಂತ ಇಟ್ಟುಕೊಳ್ಳಿ, ವಾರಕ್ಕೊಂದು ಸಲ ಬೇರೆ ಮನೆಗೆ ಬದಲಾಯಿಸ್ತಾ ಇರಿ. ಎಷ್ಟೋ ಜನ ಹಾಗೇ ಮಾಡ್ತಾರೆ."

"ಅವಳಿಗೆ ಕಣ್ಣಿಲ್ಲ. ವಾರಕ್ಕೊಂದು ಮನೆ ಅಂದ್ರೆ ವಾರಕ್ಕೊಂದು ಸಲ ಕುರುಡಾದಂಗೆ" ಎಂದೆ.

ಅವರು ಕಡತ ಮುಚ್ಚಿಟ್ಟು, "ನನ್ನ ಕೈಲಿಲ್ಲ ಮೇಡಂ" ಎಂದರು. ಅವರ ಕೈಯಲ್ಲಿ ಇರಲಿಲ್ಲ ನಿಜ. ನನ್ನ ಕೈಯಲ್ಲಿತ್ತು. ಹೊನ್ನೂರಕ್ಕನನ್ನು ಕರೆದುಕೊಂಡು ಹೋಗಿ ಆರನೆಯ ಮನೆಯ ನೆಲೆವಾಸಿ ಎಂದು ಬರೆಸಿದೆ. ತಿಂಗಳ ಬಾಡಿಗೆ ಕೊಟ್ಟೇ ಇರುತ್ತೇನೆಂದು ಹಟ ಮಾಡಿದಳು, ಒಪ್ಪಿದೆ. ಕೂಡುಸಾಲ ಕೈತಪ್ಪಿತು. ಹಳೆಯ ಸಾಲಗಳ ಬಡ್ಡಿ ಏರಿತು. ಕೊನೆಗೆ ಒಂದನೆಯ, ಎರಡನೆಯ ಮನೆಗಳನ್ನು ಹೊರಗಿನ ಕಂಪನಿಗೆ ಮಾರಬೇಕಾಯಿತು. ಮಾರಿದ ದಿನ ಅತ್ತದ್ದೂ ನಿಜ. ಗೋಡೆ ಕಟ್ಟಲು ಬಂದ ಗಾರೆಯವನು, ಕೆಡವಿದ ಗೋಡೆಯನ್ನು ಮತ್ತೆ ಕಟ್ಟಿಸುವವರನ್ನು ಇದೇ ಮೊದಲು ನೋಡಿದ್ದು ಎಂದು ನಕ್ಕ. ಹೊನ್ನೂರಕ್ಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಅಂಗೈಯಿಂದ ಅಳೆದು ಅಳೆದು, "ಇನ್ನು ಅರ್ಧ ಗೇಣು ಈ ಕಡೆಗೆ" ಎಂದು ಅವನ ಪ್ರಾಣ ತಿಂದಳು.

ನಾಲ್ಕು ವರ್ಷ ಇದ್ದಳು. ಆ ನಾಲ್ಕು ವರ್ಷದ ಬಗ್ಗೆ ದೊಡ್ಡದಾಗಿ ಬರೆಯುವಂಥದ್ದು ಏನೂ ಇಲ್ಲ. ನೀರಿನ ಸಭೆಗೆ ಇಬ್ಬರೂ ಕೈಹಿಡಿದು ಹೋಗುತ್ತಿದ್ದೆವು. ನನ್ನ ತಂಗುಮನೆಗಳ ಗಲಾಟೆಗೆ ಅವಳು ನನ್ನನ್ನೇ ಬೈಯುತ್ತಿದ್ದಳು. ಒಮ್ಮೆ ಐದು ದಿನ ಮಾತು ಬಿಟ್ಟಿದ್ದೆವು, ಯಾಕೆಂದು ಈಗ ಮರೆತಿದೆ. ನನ್ನ ಮನೆಯ ಕಿಟಕಿ ಬೆಳಿಗ್ಗೆ ತೆರೆದ ಸದ್ದು ಕೇಳದಿದ್ದರೆ, "ಎದ್ಯೇನೇ?" ಎಂದು ಆ ಕಡೆಯಿಂದ ಕೂಗುತ್ತಿದ್ದಳು. ಎಂಟು ಮನೆಗಳ ಒಡತಿಯಾಗಿದ್ದಾಗ ಆ ಮಾತನ್ನು ನನ್ನನ್ನು ಕೇಳುವವರು ಇರಲಿಲ್ಲ.

ಹೋದ ವರ್ಷದ ಗಾಳಿಮಾಸ ಮುಗಿಯುವಾಗ, ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ತೀರಿಕೊಂಡಳು. ಕರಿಬಸಮ್ಮ ಬಂದರು. ಮಣ್ಣು ಮಾಡಿ ಬಂದ ಮೇಲೆ ಅವರೂ ಹೊರಟರು. ಇಂದುಧರ ಅವರು ಬಂದು ಕೂತು, ಬಹಳ ಹಿಂಜರಿಯುತ್ತಾ, ಇನ್ನು ಬೀದಿಯ ದರ್ಜೆ ಮೇಲೇರಿಸಬಹುದು, ಕೂಡುಸಾಲದ ಅರ್ಜಿ ಮತ್ತೆ ಹಾಕಿ ಎಂದರು. ಹಾಕಲಿಲ್ಲ. ಬದಲಿಗೆ "ಬದುಕಲು ಮನೆ ಕೊಡಲಾಗುತ್ತದೆ" ಎಂದು ಪ್ರಕಟಣೆ ಕೊಟ್ಟೆ. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ರಾತ್ರಿಗೆ? ಎಷ್ಟು ರಾತ್ರಿ ಎಂದಿಲ್ಲ, ಇರುವಷ್ಟು ದಿನ ಇರಿ ಎಂದರೆ ಅನುಮಾನದಿಂದ ನೋಡುತ್ತಾರೆ. ಒಬ್ಬ ಗಾಳಿಗಂಬದ ಹುಡುಗಿ ಮನೆಯೆಲ್ಲ ನೋಡಿ ಇಷ್ಟಪಟ್ಟಳು. ಆದರೆ ಒಂದೇ ಕಿಟಕಿಯಿಂದ ದಿನಾ ಅದೇ ಬಂಡೆಯನ್ನು ನೋಡುತ್ತಾ ಇರುವುದು ಹೇಗೆಂದು ತನಗೆ ತಿಳಿಯದು ಎಂದು ಪ್ರಾಮಾಣಿಕವಾಗಿ ಹೇಳಿ ಹೋದಳು. ಅವಳನ್ನು ದೂರಲಾರೆ. ಹುಟ್ಟಿದಾಗಿನಿಂದ ತಂಗುಮನೆಗಳಲ್ಲೇ ಬೆಳೆದವಳು ಅವಳು. ಪಕ್ಕದ ಮನೆಯವರು ಎಂಬ ಮಾತನ್ನು ಅವಳಿಗೆ ನಾನು ಬಿಡಿಸಿ ಹೇಳಬೇಕಾಯಿತು.

ಆರನೆಯ ಮನೆ ಖಾಲಿಯಾಗಿಯೇ ಇದೆ. ವಾರಕ್ಕೊಮ್ಮೆ ಕಸ ಗುಡಿಸಿ ಬರುತ್ತೇನೆ. ಈ ಬೀದಿಯಲ್ಲಿ ಮತ್ತೆ ನಾನೊಬ್ಬಳೇ. ಮೊದಲಿನಂತೆಯೇ ಬಂದವರು ಬರೆದು ಹೋಗುತ್ತಾರೆ, ಶಾಂತವಾಗಿದೆಯೆಂದು.

ಇನ್ನು ನನ್ನ ಕೋರಿಕೆ. ನೀವು ಆ ಎರಡಂತಸ್ತಿನ ಮನೆಯನ್ನು ಕೊಳ್ಳಿ. ಮೇಲಂತಸ್ತನ್ನು ದಿನದ ಬಾಡಿಗೆಗೆ ಬಿಡಿ. ಬಚ್ಚಲು ಚೆನ್ನಾಗಿಡಿ, ಸಾಲವನ್ನು ಅಳೆದು ತೆಗೆಯಿರಿ, ನಿಮಗೆ ಒಳ್ಳೆಯದಾಗುತ್ತದೆ. ಆದರೆ ಕೆಳಗಿನ ಅಂತಸ್ತಿನಲ್ಲಿ ಒಂದು ಸಂಸಾರ ತಿಂಗಳ ಬಾಡಿಗೆಗೆ ಇದೆ. ಎರಡನೆಯ ವರ್ಷ, ಅದನ್ನೂ ದಿನಕ್ಕೆ ಬಿಟ್ಟರೆ ಎಷ್ಟು ಬರುತ್ತದೆಂದು ನೀವು ಲೆಕ್ಕ ಹಾಕುತ್ತೀರಿ. ಲೆಕ್ಕ ಸರಿಯಾಗಿಯೇ ಇರುತ್ತದೆ. ಅವರಿಗೆ ಬಿಡಲು ಹೇಳುತ್ತೀರಿ, ಅವರು ಜಗಳವಾಡದೆ ಬಿಟ್ಟು ಹೋಗುತ್ತಾರೆ. ಅಷ್ಟು ಮಾತ್ರ ಮಾಡಬೇಡಿ, ಮುತ್ತಜ್ಜಿ. ಮನೆ ಕೊಂಡ ದಿನವೇ ಒಂದು ಬಟ್ಟಲು ಹಿಡಿದು ಕೆಳಗೆ ಹೋಗಿ, ಮೊಸರಿಗೆ ಹೆಪ್ಪು ಕೇಳಿ. ನಿಮ್ಮ ಮನೆಯಲ್ಲಿ ಹೆಪ್ಪು ಇದ್ದರೂ ಕೇಳಿ. ಆ ಮನೆಯಾಕೆಯ ಹೆಸರು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳಿ, ಮುಂದೆ ಹುಟ್ಟುವ ನಿಮ್ಮ ಮಗಳಿಗೂ ಹೇಳಿಕೊಡಿ.

ನಿಮ್ಮ ಮರಿಮಗಳು,
ನೀಲಾಂಬಿಕೆ